ಬ್ಯಾರಲ್ಲಿನೊಳಗೊಂದು ಹಗೇವು

ಜನವರಿ ಕೊನೆಯ ವಾರ

ಬೆಳಗಾವಿ ಉದ್ಯಮಬಾಗದ ನಮ್ಮ ಶಾಪಿನಲ್ಲಿ ಮೂರು ಪಾಳಿ ನಡೆಯುತ್ತಿದ್ದದ್ದು ದೀಪಾವಳಿ ಮುಗಿದ ಮೇಲೆ ಎರಡಾಯಿತು, ಸಂಕ್ರಾಂತಿ ಹೊತ್ತಿಗೆ ಒಂದಾಯಿತು. ಈಗ ಆ ಒಂದು ಪಾಳಿಯೂ ವಾರಕ್ಕೆ ಮೂರೇ ದಿನ. ನಾನು ಲೇಥಿನವ. ಪಂಪಿನ ಕೇಸಿಂಗು, ವಾಲ್ವಿನ ಬಾಡಿ ತಿರುವುವುದು ನನ್ನ ಕೆಲಸ. ಫೌಂಡ್ರಿಯಿಂದ ಎರಕ ಬಂದರೆ ಕೆಲಸ, ಬರದಿದ್ದರೆ ಲೇಥಿನ ಬೆಡ್ಡಿಗೆ ಎಣ್ಣೆ ಒರೆಸಿ ಮನೆಗೆ.

ಈ ಸುದ್ದಿ ಹೇಳಿದ ರಾತ್ರಿ ಮನೆಯವಳು ಸಾಲದ ಕಂತಿನ ಚೀಟಿ ತೆಗೆದು ಕೂತಳು. ಅವ್ವ ಕೇಳಿದ್ದು ಒಂದೇ ಮಾತು. "ಮನ್ಯಾಗ ಜ್ವಾಳ ಎಷ್ಟೈತಿ?"

ಡಬ್ಬಿಯಲ್ಲಿ ಹದಿನೈದು ದಿನಕ್ಕಾಗುವಷ್ಟಿತ್ತು.

"ಅದಕ್ಕ ನಿನಗ ನಿದ್ದಿ ಬರವಲ್ದು" ಅಂದಳು. ನಿದ್ದೆ ಬರದಿದ್ದದ್ದು ಕಂತಿನ ಚಿಂತೆಗೆ, ಅವ್ವನಿಗೆ ಅದನ್ನು ಹೇಳಿ ಉಪಯೋಗವಿಲ್ಲ. 1972ರ ಬರ ಬಿದ್ದಾಗ ಅವಳು ಹತ್ತು ವರ್ಷದ ಹುಡುಗಿ. ತವರಿನಲ್ಲಿ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿ ಮುಚ್ಚಿಡುವ ಗುಂಡಿ, ತೆಗೆದ ದಿನ ಓಣಿಯ ಮಂದಿಯೆಲ್ಲ ಬುಟ್ಟಿ ಹಿಡಿದು ನಿಂತಿದ್ದರಂತೆ. ಆ ಕತೆ ನನಗೆ ಬಾಯಿಪಾಠ. ಆದರೂ ಮರುದಿನ ತಕ್ಕಡಿ ತೆಗೆದು ದಿನದ ಹಿಟ್ಟು ತೂಗಲು ಶುರು ಮಾಡಿದೆ. ಐದು ಮಂದಿಯ ಮನೆ, ಒಂದು ವಾರದ ಸರಾಸರಿ ದಿನಕ್ಕೆ 1 ಕಿಲೋ 600 ಗ್ರಾಂ ಬಂತು. ವರ್ಷಕ್ಕೆ 584 ಕಿಲೋ. ಆರು ಕ್ವಿಂಟಲ್ ಜೋಳ ಮನೆಯಲ್ಲಿದ್ದರೆ ಒಂದು ವರ್ಷ ರೊಟ್ಟಿಯ ಚಿಂತೆಯಿಲ್ಲ ಅಂತಾಯಿತು. ಕಂತಿನ ಚಿಂತೆ ಇದ್ದೇ ಇರುತ್ತದೆ, ಆದರೆ ಎರಡರಲ್ಲಿ ಒಂದಾದರೂ ಹೋಗಲಿ.

ಜೋಳ ಕೊಳ್ಳಬೇಕಾಗಿಯೂ ಇರಲಿಲ್ಲ. ಸವದತ್ತಿ ತಾಲೂಕಿನ ನಮ್ಮೂರಲ್ಲಿ ಮೂರು ಎಕರೆ ಎರೆಹೊಲ ಇದೆ, ಕಾಕಾ ಪಾಲಿಗೆ ಮಾಡುತ್ತಾರೆ. ಇಷ್ಟು ವರ್ಷ ನಮ್ಮ ಅರ್ಧ ಪಾಲನ್ನು ಕಣದಲ್ಲೇ ಮಾರಿ, ಎರಡು ಚೀಲ ಮಾತ್ರ ಬಸ್ಸಿನ ಮೇಲೆ ಹಾಕಿಕೊಂಡು ಬರುತ್ತಿದ್ದೆ. ಕಾರಣ ನುಸಿ. ನಮ್ಮೂರ ಕಡೆ ಹವಾ ಒಣ, ಬೆಳಗಾವಿ ಹಾಗಲ್ಲ. ಮೃಗಶಿರಾ ಮಳೆ ಹಿಡಿದರೆ ಗೋಡೆಯೇ ಬೆವರುತ್ತದೆ. ಚೀಲದಲ್ಲಿಟ್ಟ ಜೋಳ ಶ್ರಾವಣದ ಹೊತ್ತಿಗೆ ತೂತು ಬಿದ್ದು ಹಿಟ್ಟುದುರಿಸುತ್ತದೆ.

"ಹಗೇವು ಐತೆಲ್ಲ" ಅಂದಳು ಅವ್ವ. "ಊರಾಗ ಇಟ್ಟು ಬೇಕಾದಾಗ ತಂದ್ರಾತು."

ಫೆಬ್ರುವರಿ, ಮೊದಲ ರವಿವಾರ: ಹಗೇವು ತೆಗೆದದ್ದು

ಯರಗಟ್ಟಿ ಮೇಲಿನ ಬಸ್ಸು ಹಿಡಿದು ಊರಿಗೆ ಹೋದೆ. ಹಗೇವು ಇರುವುದು ಮನೆ ಮುಂದಿನ ಕಟ್ಟೆಯ ಬುಡದಲ್ಲಿ. ನಾನು ಸಾಲಿಗೆ ಹೋಗುವಾಗ ಕಡೆಯ ಸಲ ತೆಗೆದದ್ದು ನೆನಪಿದೆ, ಆಮೇಲೆ ಯಾರೂ ಮುಟ್ಟಿಲ್ಲ. ಮೇಲಿನ ಮಣ್ಣು ಕೆದರಿ, ಇಬ್ಬರು ಹಾರಿ ಹಾಕಿ ಮೀಟಿದಾಗ ಬಂಡೆ ಅಲ್ಲಾಡಿತು. ಮೂಗಿಗೆ ಹೊಡೆದದ್ದು ಹುಳಿ ವಾಸನೆ, ನೆನೆದ ಕಣಿಕಿಯದು, ಜೋಳದ ದಂಟಿನದು.

ಬಾಯಿ ಚಿಕ್ಕದು, ಒಬ್ಬ ಮನುಷ್ಯ ಭುಜ ಸಂಕೋಚಿಸಿ ಇಳಿಯುವಷ್ಟು. ಕೆಳಗೆ ಗುಡಾಣದಂತೆ ಅಗಲ. ನಾನು ಬಗ್ಗಲು ಹೋದೆ, ಕಾಕಾ ಅಂಗಿ ಹಿಡಿದು ಹಿಂದಕ್ಕೆಳೆದರು.

"ಮಾರಿ ಹಾಕಬ್ಯಾಡ ಒಳಗ. ಮೊದಲ ಕಂದೀಲ ಬಿಡು."

ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆವು. ನಾಲ್ಕು ಫೂಟು ಇಳಿಯುವವರೆಗೆ ಚೆನ್ನಾಗಿ ಉರಿಯಿತು. ಅಲ್ಲಿಂದ ಉರಿ ಸಣ್ಣಗಾಗಿ, ಕೆಂಪಾಗಿ, ಬತ್ತಿಯ ತುದಿಯಲ್ಲಿ ಒಂದು ಕಿಡಿ ಉಳಿದು, ಅದೂ ಹೋಯಿತು. ಗಾಳಿ ಬೀಸಿ ಆರಿದ ದೀಪ ಪಕ್ಕನೆ ಆರುತ್ತದೆ. ಇದು ಹಾಗಲ್ಲ, ಯಾರೋ ಮೆಲ್ಲಗೆ ಕುತ್ತಿಗೆ ಹಿಚುಕಿದ ಹಾಗೆ. ನೋಡುತ್ತಿದ್ದ ಐದಾರು ಮಂದಿಯಲ್ಲಿ ಯಾರೂ ಮಾತಾಡಲಿಲ್ಲ.

ಕಾಳೂ ಉಸಿರಾಡುತ್ತದೆ, ಅದರೊಳಗಿನ ಹುಳವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರುತ್ತಾ ಹೋಗಿ ಇಂಗಾಲದ ಡೈಆಕ್ಸೈಡು ತುಂಬುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಹುಳ ಸಾಯುವುದು ಈ ಕೆಟ್ಟ ಗಾಳಿಯಿಂದಲೇ, ಅವಸರಪಟ್ಟು ಇಳಿದ ಮನುಷ್ಯ ಸಾಯುವುದೂ ಇದರಿಂದಲೇ. ನಮ್ಮದರಲ್ಲಿ ಕಾಳಿರಲಿಲ್ಲ, ತಳದಲ್ಲಿ ಹಳೆಯ ಕಣಿಕಿ ಕೊಳೆತು ಅದೇ ಕೆಲಸ ಮಾಡಿಟ್ಟಿತ್ತು. ಯಾರಾದರೂ ತಮ್ಮ ಮನೆಯ ಹಗೇವು ತೆಗೆಯುವವರಿದ್ದರೆ ಹೇಳುತ್ತೇನೆ: ಕಂದೀಲು ಆರಿದರೆ ಇಳಿಯಬಾರದು ಎಂಬುದು ಖರೆ, ಉರಿದರೆ ಇಳಿಯಬಹುದು ಎಂಬುದು ಅಷ್ಟು ಖರೆಯಲ್ಲ. ನಾವು ರಾತ್ರಿಯಿಡೀ ತೆರೆದಿಟ್ಟು, ಮುಂಜಾನೆ ಬ್ಲೋವರಿನ ಪೈಪು ತಳದವರೆಗೆ ಬಿಟ್ಟು ಎರಡು ತಾಸು ಗಾಳಿ ಹೊಡೆದೆವು. ಆಮೇಲೆ ಕಂದೀಲು ತಳ ಮುಟ್ಟುವವರೆಗೆ ಉರಿಯಿತು. ಆದರೂ ಯಾರೂ ಇಳಿಯಲಿಲ್ಲ. ಟಾರ್ಚು ಹಚ್ಚಿದ ಮೊಬೈಲನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ವಿಡಿಯೋ ತೆಗೆದೆವು. ಆಳ ಒಂಬತ್ತು ಫೂಟು.

ವಿಡಿಯೋದಲ್ಲಿ ಮೂರು ಕಡೆ ಗೋಡೆ ಬೂದು ಬಣ್ಣ, ಒಣಗಿದೆ. ನಾಲ್ಕನೆಯ ಕಡೆ ಕಪ್ಪಗೆ, ಮೇಲೆ ಬಿಳಿ ಬೂಸ್ಟು. ಆ ಕಡೆಗೇ ಗಟಾರ.

ನೋಡಿ ಮನಸ್ಸು ಒಪ್ಪಲಿಲ್ಲ. ಒಣಗಿಸಿದ ಜೋಳ ಸರಿಯಾಗಿ ಒಂದು ಕಿಲೋ ತೂಗಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಒಳಗೆ ತೂಗುಬಿಟ್ಟು ಬಂಡೆ ಮುಚ್ಚಿಸಿ ಬಂದೆ. ಹದಿನೈದು ದಿನ ಬಿಟ್ಟು ಕಾಕಾ ತೆಗೆದು ತೂಗಿ ಫೋನ್ ಮಾಡಿದರು: 1 ಕಿಲೋ 40 ಗ್ರಾಂ. ಇಟ್ಟಾಗ ನೂರಕ್ಕೆ 11 ತೇವ ಇತ್ತೆಂದು ಹಿಡಿದರೆ ಈಗ ಹದಿನಾಲ್ಕೂವರೆ ಹತ್ತಿರ. ಹನ್ನೆರಡು ದಾಟಿದ ಜೋಳವನ್ನು ಮುಚ್ಚಿಡುವಂತಿಲ್ಲ, ಬೂಸ್ಟು ಹಿಡಿಯುತ್ತದೆ. ಅಜ್ಜನ ಕಾಲಕ್ಕೆ ಓಣಿಯಲ್ಲಿ ನಳ ಇರಲಿಲ್ಲ, ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತಿತ್ತು. ನಳ ಬಂತು, ಗಟಾರ ಬಂತು, ನೆಲ ಒಳಗಿಂದೊಳಗೆ ನೆನೆಯಿತು. ಬಹಳ ಮನೆಗಳ ಹಗೇವು ಕಾಂಕ್ರೀಟ್ ರಸ್ತೆಯ ಕೆಳಗೇ ಹೋಗಿವೆ. ನಮ್ಮದಕ್ಕೆ ಮಣ್ಣು ತುಂಬಿಸಲು ಹೇಳಿದೆ. ಅವ್ವನಿಗೆ ಆ ಮಾತು ಹೇಳಲು ಎರಡು ದಿನ ತಗೊಂಡೆ.

ಫೆಬ್ರುವರಿ ಮೂರನೆಯ ವಾರ: ಬ್ಯಾರಲ್

ಬಸ್ಸಿನಲ್ಲಿ ಬರುವಾಗಲೇ ತಲೆಯಲ್ಲಿ ಓಡುತ್ತಿತ್ತು. ಹಗೇವಿನ ಗುಣ ಮಣ್ಣಿನಲ್ಲಿಲ್ಲ, ಗಾಳಿ ಆಡದಂತೆ ಮುಚ್ಚುವುದರಲ್ಲಿದೆ. ಗಾಳಿ ಆಡದಂತೆ ಮುಚ್ಚುವುದು ನನ್ನ ಹೊಟ್ಟೆಪಾಡು. ವಾಲ್ವು ಸೋರದಂತೆ ಮುಖ ಕೆತ್ತಿ ಕೊಡುವವನಿಗೆ ಒಂದು ಬ್ಯಾರಲ್ ಮುಚ್ಚಲು ಬರುವುದಿಲ್ಲವೇ?

200 ಲೀಟರಿನ ನೀಲಿ ಪ್ಲಾಸ್ಟಿಕ್ ಬ್ಯಾರಲ್, ಇಡೀ ಬಾಯಿ ತೆರೆಯುವಂಥದ್ದು, ಮುಚ್ಚಳದ ಸುತ್ತ ಕಬ್ಬಿಣದ ಕ್ಲ್ಯಾಂಪ್ ರಿಂಗ್ ಇರುವಂಥದ್ದು. ಒಂದಕ್ಕೆ ಜೋಳ 148 ಕಿಲೋ ಹಿಡಿಯಿತು. ನಾಲ್ಕಕ್ಕೆ 592. ಅವ್ವನ ರೊಟ್ಟಿಯ ಲೆಕ್ಕಕ್ಕೆ ಎಂಟು ಕಿಲೋ ಮೇಲೆ.

ಹಳೆಯ ಬ್ಯಾರಲ್ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಬೆಲೆಯಲ್ಲ, ಒಳಗೆ ಏನು ತುಂಬಿ ಬಂದಿತ್ತು ಅನ್ನುವುದು. ಗುಜರಿಯವ ಮೊದಲು ತೋರಿಸಿದ ಎರಡಕ್ಕೆ ಚೀಟಿ ಹರಿದಿತ್ತು, ಮೂಗಿಟ್ಟರೆ ಬಣ್ಣದ ಥಿನ್ನರಿನ ವಾಸನೆ. ಬೇಡ ಅಂದೆ. ಆಮೇಲೆ ಸಿಕ್ಕ ನಾಲ್ಕು ಉಪ್ಪಿನಕಾಯಿಯ ಮಿಡಿಸೌತೆ ತುಂಬಿ ಬಂದವು, ವಿನಿಗರಿನ ಹುಳಿ ವಾಸನೆ ಬಿಟ್ಟರೆ ಬೇರೇನಿಲ್ಲ. ಒಂದಕ್ಕೆ 1,100 ರೂಪಾಯಿ. ಟಂಟಂನಲ್ಲಿ ಹೇರಿಕೊಂಡು ಬಂದು ಬಾಗಿಲಿಗೆ ಇಳಿಸಿದಾಗ ಮನೆಯವಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ರೊಕ್ಕ ಇಲ್ಲಂತ ನೀವ ಹೇಳ್ತೀರಿ, ನೀವ ಬ್ಯಾರಲ್ ತರ್ತೀರಿ. ಇದರಾಗ ಏನ್ ಸಾಲಾ ತುಂಬಿಡಾವ್ರೇನ್ರಿ?"

ಉತ್ತರ ಕೊಡಲಿಲ್ಲ. ಅಡುಗೆ ಸೋಡಾ ಕದಡಿದ ನೀರು ಹಾಕಿ ಒಂದು ರಾತ್ರಿ, ಆಮೇಲೆ ಬೋರಲು ಹಾಕಿ ಒಂದು ವಾರ ಬಿಸಿಲು. ವಾಸನೆ ಹೋಯಿತು. ಪೂರ್ತಿ ಹೋಯಿತೆಂದು ಹೇಳಿದವಳು ಅವ್ವ, ನನ್ನ ಮೂಗು ಕೂಲಂಟ್ ಎಣ್ಣೆಗೆ ಕೆಟ್ಟಿದೆ.

ಮಾರ್ಚ್ ಮೊದಲ ವಾರ: ಸೋರಿಕೆ

ಮುಚ್ಚಳದ ಒಳಗಿನ ತೋಡಿನಲ್ಲಿದ್ದ ರಬ್ಬರು ನಾಲ್ಕರಲ್ಲೂ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪಂಕ್ಚರ್ ಅಂಗಡಿಯಿಂದ ಟ್ರ್ಯಾಕ್ಟರಿನ ಹಳೆ ಟ್ಯೂಬು ತಂದು ಪಟ್ಟಿ ಕತ್ತರಿಸಿದೆ. ಮೊದಲನೆಯದಕ್ಕೆ ತುದಿಗಳನ್ನು ನೇರ ಕತ್ತರಿಸಿ ಅಂಟಿಸಿದ್ದೆ. ಕ್ಲ್ಯಾಂಪು ಬಿಗಿದ ಕೂಡಲೇ ಜೋಡಣೆ ಬಾಯಿ ಬಿಟ್ಟಿತು. ಶಾಪಿನಲ್ಲಿ ಓ-ರಿಂಗಿನ (ಸೋರದಂತೆ ಹಾಕುವ ರಬ್ಬರು ಬಳೆಯ) ದಾರ ಜೋಡಿಸುವಾಗ ಓರೆಯಾಗಿಯೇ ಕತ್ತರಿಸುತ್ತೇವೆ, ಅಂಟಿಗೆ ಜಾಗ ಹೆಚ್ಚು ಸಿಗಲಿ ಅಂತ. ಮನೆಗೆ ಬಂದರೆ ಆ ಬುದ್ಧಿ ಎಲ್ಲಿ ಹೋಗುತ್ತದೋ. ಎರಡನೆಯ ಸಲ ಓರೆಯಾಗಿ ಕತ್ತರಿಸಿ, ಎರಡೂ ಮುಖ ಮರಳು ಕಾಗದದಿಂದ ಉಜ್ಜಿ, ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿದೆ. ನಿಂತಿತು.

ನಿಂತಿತು ಅಂತ ಕಣ್ಣಿಗೆ ಕಂಡರೆ ಸಾಲದು, ಅಳೆಯಬೇಕು. ಮುಚ್ಚಳಕ್ಕೆ ಹನ್ನೊಂದೂವರೆ ಮಿಲಿಮೀಟರಿನ ಎರಡು ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಎಳೆದು ಕೂರಿಸಿದೆ. ಒಂದಕ್ಕೆ ಸೈಕಲ್ ಪಂಪು. ಇನ್ನೊಂದರ ಒಳಗಿನ ಪಿನ್ನು ತೆಗೆದು, ಗೌಂಡಿಗಳು ಲೆವೆಲ್ ನೋಡುವ ಪಾರದರ್ಶಕ ಪೈಪು ಸಿಕ್ಕಿಸಿ, ಪೈಪನ್ನು ಹಲಗೆಗೆ ಜೋತುಬಿದ್ದ ತೊಟ್ಟಿಲಿನ ಹಾಗೆ ಬಾಗಿಸಿ ಮೊಳೆ ಹೊಡೆದೆ. ಒಳಗೆ ಕುಂಕುಮ ಕದಡಿದ ನೀರು. ಬ್ಯಾರಲ್ಲಿನಲ್ಲಿ ಒತ್ತಡ ಇದ್ದರೆ ಎರಡು ಕಡೆಯ ನೀರಿನಲ್ಲಿ ಹೆಚ್ಚುಕಡಿಮೆ, ಸೋರಿದರೆ ಎರಡೂ ಸಮಕ್ಕೆ ಬರುತ್ತವೆ.

ಈ ಹೆಚ್ಚುಕಡಿಮೆಯನ್ನು ಐದು ಸೆಂಟಿಮೀಟರಿಗಿಂತ ಹೆಚ್ಚು ಏರಿಸಬಾರದು. ಅಷ್ಟಕ್ಕೇ ಮುಚ್ಚಳದ ಮೇಲೆ ಹನ್ನೆರಡು ಕಿಲೋ ಭಾರದಷ್ಟು ತಳ್ಳುತ್ತದೆ, ಪಂಪನ್ನು ಎರಡು ಮೂರು ಸಲ ಒತ್ತಿದರೆ ಮುಗಿಯಿತು. ಹುಡುಗರ ಕೈಗೆ ಪಂಪು ಕೊಡಬೇಡಿ.

ಮೊದಲ ಪರೀಕ್ಷೆ ಮುಂಜಾನೆ ಎಂಟಕ್ಕೆ, ಅಂಗಳದಲ್ಲಿ. ಐದಕ್ಕೆ ಏರಿಸಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ನೀರು ಇಳಿಯುವುದಿರಲಿ, ಏರಿ ಎಂಟಾಗಿದೆ! ಯಾವ ಪಂಪು, ಯಾವ ಗಾಳಿ? ಮಗಳನ್ನು ಬೈದೆ. ಅವಳು ಮುಟ್ಟಿರಲಿಲ್ಲ. ಮತ್ತೆ ಐದಕ್ಕೆ ತಂದು ಎದುರಿಗೇ ಕೂತೆ, ಕಣ್ಣೆದುರಿಗೇ ನೀರು ಏರತೊಡಗಿತು. ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಬೆನ್ನಿಗೆ ಬಿಸಿಲು ತಾಗುತ್ತಿದ್ದದ್ದು ಗೊತ್ತಾಯಿತು. ಬ್ಯಾರಲ್ಲಿಗೂ ತಾಗಿತ್ತು. ಒಳಗಿನ ಗಾಳಿ ಒಂದೇ ಡಿಗ್ರಿ ಬಿಸಿಯಾದರೂ ಮೂರು ಸೆಂಟಿಮೀಟರಿನ ಮೇಲೆ ನೀರು ಏರುತ್ತದೆ, ಆಮೇಲೆ ಲೆಕ್ಕ ಹಾಕಿ ನೋಡಿದೆ. ಶಾಪಿನಲ್ಲಿ ಲೇಥಿನಿಂದ ತೆಗೆದ ಬಿಸಿ ಜಾಬನ್ನು ಮೈಕ್ರೋಮೀಟರಿಗೆ ಹಿಡಿಯಬೇಡವೋ, ಅಳತೆ ತಪ್ಪುತ್ತದೆ ಎಂದು ಹುಡುಗರಿಗೆ ದಿನಾ ಹೇಳುವವ ನಾನೇ. ಮಗಳಿಗೆ ಐಸ್‌ಕ್ಯಾಂಡಿ ಕೊಡಿಸಿದೆ. ಪರೀಕ್ಷೆಗಳನ್ನು ರಾತ್ರಿ ಊಟದ ಮೇಲೆ ಪಡಸಾಲೆಯಲ್ಲಿ ಮಾಡಿದೆ.

ಇಪ್ಪತ್ತು ನಿಮಿಷಕ್ಕೆ ಐದರಿಂದ ಮೂರಕ್ಕಿಂತ ಕೆಳಗಿಳಿಯಬಾರದು ಎಂದು ನನ್ನದೇ ಒಂದು ಗೆರೆ ಹಾಕಿಕೊಂಡೆ. ಒಂದನೆಯದು ಮೂರೂವರೆಗೆ ನಿಂತಿತು. ಎರಡನೆಯದು ನಾಲ್ಕು. ಮೂರನೆಯದು ಮೂರಕ್ಕೆ ಬಂದು ನಿಂತು ನನ್ನ ಮಾರಿ ನೋಡಿತು, ಪಾಸು ಮಾಡಿದೆ, ಮಾಡಬಾರದಿತ್ತು. ನಾಲ್ಕನೆಯದಕ್ಕೆ ಟ್ರ್ಯಾಕ್ಟರ್ ಟ್ಯೂಬು ತೀರಿತ್ತು. ಪಂಕ್ಚರ್ ಅಂಗಡಿಯ ಹುಡುಗ, "ಅಣ್ಣಾ, ಕತ್ತರಿಸಾದ್ಯಾಕ? ಸಣ್ಣ ಹುಡುಗರ ಸೈಕಲ್ಲಿನ 20 ಇಂಚಿನ ಟ್ಯೂಬ್ ಇಡೀದ ಹಾಕ್ರಿ" ಅಂದ. ಬಾಯಿಯ ಅಡ್ಡಳತೆ 55 ಸೆಂಟಿಮೀಟರ್. ತುಸು ಎಳೆದರೆ ಅಂಚಿನ ಮೇಲೆ ಚಪ್ಪಟೆಯಾಗಿ ಕೂತಿತು. ಜೋಡಣೆಯೇ ಇಲ್ಲ. ವಾಲ್ವಿನ ತೊಟ್ಟು ಕತ್ತರಿಸಿ ತೇಪೆ ಹಾಕಿದೆ. ನಾಲ್ಕೂ ಮುಕ್ಕಾಲಿಗೆ ನಿಂತಿತು. ಮೂರು ದಿನ ಓರೆ ಕತ್ತರಿಸಿದವನಿಗೆ ಇಪ್ಪತ್ತು ವರ್ಷದ ಹುಡುಗ ಪಾಠ ಹೇಳಿದ.

ಈ ನಡುವೆ, ನುಸಿ

ಬ್ಯಾರಲ್ಲಿನೊಳಗೆ ಮೇಣಬತ್ತಿ ಹಚ್ಚಿಟ್ಟು ಮುಚ್ಚಿದರೆ ಗಾಳಿ ಎಲ್ಲ ಸುಟ್ಟು ಹುಳ ಸಾಯುತ್ತದೆ ಎಂದು ಶಾಪಿನಲ್ಲಿ ಇಬ್ಬರು ಹೇಳಿದರು. ಅದು ಅರ್ಧ ಮಾತು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ಅದು ಹದಿನಾರರ ಹತ್ತಿರ ಬಂದಾಗಲೇ ಮೇಣಬತ್ತಿ ಆರುತ್ತದೆ. ನುಸಿಗೆ ಅಷ್ಟು ಬೇಕಾದಷ್ಟಾಯಿತು. ಅದು ಸಾಯಬೇಕಾದರೆ ಮೂರಕ್ಕಿಂತ ಕೆಳಗಿಳಿದು ವಾರಗಟ್ಟಲೆ ಹಾಗೇ ಇರಬೇಕು. ಆ ಕೆಲಸವನ್ನು ಮಾಡುವುದು ನುಸಿಯ ಉಸಿರೇ.

ನೆರೆಮನೆಯಿಂದ ನುಸಿ ಹಿಡಿದ ಜೋಳ ತಂದು ಎರಡು ಗಾಜಿನ ಬಾಟಲಿಗೆ ತುಂಬಿದೆ. ಒಂದರ ಮುಚ್ಚಳಕ್ಕೆ ಮೇಣ ಹೊಯ್ದೆ, ಇನ್ನೊಂದಕ್ಕೆ ಬಟ್ಟೆ ಕಟ್ಟಿದೆ. ಹತ್ತು ದಿನದ ಹೊತ್ತಿಗೆ ಮೇಣದ ಬಾಟಲಿಯಲ್ಲಿ ನುಸಿಗಳೆಲ್ಲ ಮೇಲೆ ಹತ್ತಿ ಗಾಜಿಗೆ ಅಂಟಿ ನಿಂತಿದ್ದವು. ಇಪ್ಪತ್ತನೆಯ ದಿನ ಅಲ್ಲಾಡಿಸಿದರೆ ಎಳ್ಳು ಉದುರಿದ ಹಾಗೆ ಉದುರಿದವು. ಕಾಗದದ ಮೇಲೆ ಸುರಿದು ನೋಡುತ್ತಾ ಕೂತೆ. ಅರ್ಧ ತಾಸಿಗೆ ಎರಡು ನುಸಿ ಕಾಲು ಆಡಿಸಿದವು. ಹಾಗಾಗಿ ನನ್ನ ಲೆಕ್ಕದಲ್ಲಿ ಒಂದು ತಿಂಗಳು ಬ್ಯಾರಲ್ ಮುಟ್ಟುವಂತಿಲ್ಲ.

ಗುಳಿಗೆ ಹಾಕು ಅಂದವರೂ ಇದ್ದಾರೆ. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಬರುವ ಅನಿಲ ನುಸಿ, ಮನುಷ್ಯ ಅಂತ ನೋಡುವುದಿಲ್ಲ. ಮಕ್ಕಳು ಮಲಗುವ ಮನೆಯಲ್ಲಿ ಅದರ ಮಾತೇ ಬೇಡ.

ಮಾರ್ಚ್ ನಡುವೆ: ತುಂಬಿದ್ದು

ರಾಶಿಯಾಯಿತು. ನಮ್ಮ ಪಾಲಿಗೆ ಆರು ಕ್ವಿಂಟಲ್ ನಲವತ್ತು ಕಿಲೋ, ಮಾಲದಂಡಿ ಬಿಳಿಜೋಳ. ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ ಮೂರು ದಿನ ಒಣಗಿಸಿದೆವು. ಒಣಗಿದ್ದನ್ನು ನೋಡಲು ಎರಡು ಪರೀಕ್ಷೆ. ಹಲ್ಲಿಗೆ ಹಾಕಿ ಕಡಿದರೆ ಕಟಕ್ ಅನ್ನಬೇಕು. ಅವ್ವನಿಗೆ ದವಡೆ ಹಲ್ಲಿಲ್ಲ, ಮೊಮ್ಮಗಳನ್ನು ಕರೆದು ಕಡಿಸಿ ತಾನು ಕಿವಿ ಕೊಟ್ಟು ಕೇಳಿದಳು. ಇನ್ನೊಂದು ಉಪ್ಪಿನದು. ಒಣ ಬಾಟಲಿಗೆ ಒಂದು ಹಿಡಿ ಜೋಳ, ಹುರಿದು ಆರಿಸಿದ ಪುಡಿ ಉಪ್ಪು ಒಂದು ಚಮಚ ಹಾಕಿ ಚೆನ್ನಾಗಿ ಅಲ್ಲಾಡಿಸಬೇಕು. ಉಪ್ಪು ಗಾಜಿಗೆ ಅಂಟಿದರೆ ಜೋಳ ಇನ್ನೂ ಹಸಿ. ಆದರೆ ಈ ಪರೀಕ್ಷೆ ಹಿಡಿಯುವುದು ಹದಿನೈದರ ಮೇಲಿನ ತೇವವನ್ನು, ಹನ್ನೆರಡಕ್ಕೆ ಹಲ್ಲೇ ಬೇಕು.

ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೇ ತುಂಬಬಾರದು, ರಾತ್ರಿ ತಣಿದಾಗ ಮುಚ್ಚಳದ ಒಳಗೆ ಹನಿ ಕಟ್ಟುತ್ತದೆ. ರಾತ್ರಿ ಆರಲು ಬಿಟ್ಟು ಬೆಳಗ್ಗೆ ತುಂಬಿದೆವು. ಅಂಚಿನವರೆಗೆ, ಬ್ಯಾರಲ್ ಕುಲುಕಿ ಕುಲುಕಿ, ಮತ್ತೆ ಒಂದು ಬುಟ್ಟಿ. ತುಂಬಿದ ಬ್ಯಾರಲ್ಲಿನಲ್ಲೂ ಕಾಳಿನ ಸಂದಿಯಲ್ಲಿ ನೂರಕ್ಕೆ ನಲವತ್ತು ಪಾಲು ಗಾಳಿಯೇ ಇರುತ್ತದೆ, ಮೇಲೆ ಬರಿದು ಜಾಗ ಬೇರೆ ಬಿಟ್ಟರೆ ಅದು ತೀರಲು ದಿನ ಹಿಡಿಯುತ್ತದೆ. ಅವ್ವ ಮೇಲೆ ಬೇವಿನ ಸೊಪ್ಪು ಹಾಕಿದಳು, ಪೂರ್ತಿ ಒಣಗಿದ್ದೇ ಅಂತ ನೋಡಿ ಸುಮ್ಮನಾದೆ. ಇಟ್ಟಿಗೆಯ ಮೇಲೆ ಹಲಗೆ, ಹಲಗೆಯ ಮೇಲೆ ಬ್ಯಾರಲ್, ಗೋಡೆಯಿಂದ ಒಂದು ಗೇಣು ದೂರ. ಮುಚ್ಚಳದ ಮೇಲೆ ಸುಣ್ಣದಲ್ಲಿ ತಾರೀಖು.

ಖರ್ಚು ಬ್ಯಾರಲ್ಲಿಗೆ 4,400, ಟಂಟಂಗೆ 300, ವಾಲ್ವು, ಪೈಪು, ಸೊಲ್ಯೂಷನ್ ಎಲ್ಲ ಸೇರಿ 480. ಊರಿಂದ ಜೋಳ ತಂದ ಟೆಂಪೋದ ಬಾಡಿಗೆ ಬರೆದುಕೊಳ್ಳಲಿಲ್ಲ, ಕಾಕಾನ ಮೆಣಸಿನಕಾಯಿಯ ಜೊತೆ ಬಂತು.

ಆಗಸ್ಟ್: ಪಂಚಮಿ

ಶಾಪು ಇನ್ನೂ ಮೂರೇ ದಿನ.

ಬ್ಯಾರಲ್ಲಿಗೆ ಹಿಡಿಯದೆ ಉಳಿದ ಜೋಳ ಏಪ್ರಿಲ್ ಕೊನೆಗೆ ತೀರಿತು, ಮೇ ತಿಂಗಳಲ್ಲಿ ಒಂದನೆಯದನ್ನು ತೆಗೆದೆವು. ಹಗೇವು ತೆಗೆದರೆ ಕಾಳೆಲ್ಲ ತೆಗೆದುಬಿಡಬೇಕು ಎಂದು ಹಿರಿಯರು ಹೇಳುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ವಾರವಾರ ಮುಚ್ಚಳ ತೆಗೆದು ಹಾಕಿ ಹೊಸ ಗಾಳಿ ಕುಡಿಸಿದರೆ ಒಳಗಿನದು ಬರೀ ಡಬ್ಬಿ. ಜುಲೈ ಕೊನೆಗೆ ತಳದ ಇಪ್ಪತ್ತು ಕಿಲೋದಲ್ಲಿ ನುಸಿ ಕಂಡಿತು. ಈಗ ಒಂದು ಸಲಕ್ಕೆ 25 ಕಿಲೋ ತೆಗೆದು ಬೇರೆ ಡಬ್ಬಿಗೆ ಹಾಕಿ, ಬ್ಯಾರಲ್ಲನ್ನು ಕೂಡಲೇ ಬಿಗಿಯುತ್ತೇವೆ. ತಳದ ಜೋಳ ತೆಗೆಯಲು ತಲೆ ಒಳಗೆ ಹಾಕುವ ಮೊದಲು ಮುಚ್ಚಳ ತೆರೆದು ಸ್ವಲ್ಪ ಹೊತ್ತು ಬಿಡಿ, ಕಂದೀಲು ಆರಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಎರಡನೆಯದನ್ನು ಪಂಚಮಿಯ ಹಿಂದಿನ ದಿನ ತೆಗೆದೆ. ನಾಲ್ಕೂವರೆ ತಿಂಗಳು ಮುಚ್ಚಿದ್ದದ್ದು, ಹೊರಗೆ ಜಡಿಮಳೆ. ಕ್ಲ್ಯಾಂಪು ಬಿಚ್ಚಿದಾಗ ಬೇವಿನ ಒಣ ವಾಸನೆ, ಅದರ ಕೆಳಗೆ ಕಣದ ವಾಸನೆ. ಕೈ ಮೊಳಕೈವರೆಗೆ ಇಳಿಸಿದೆ, ತಣ್ಣಗೆ, ಒಣಗಿ. ನುಸಿ ಇತ್ತು, ಬೊಗಸೆಗೆ ಒಂದೋ ಎರಡೋ, ಸತ್ತು ಒಣಗಿದ್ದು.

ಅವ್ವ ಎರಡು ಸೇರು ಜೋಳಕ್ಕೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಟ್ಟು, ಮರುದಿನ ಅಳ್ಳು ಹುರಿದಳು. ಹುಳ ತಿಂದ ಕಾಳು ಅರಳುವುದಿಲ್ಲ, ಸುಮ್ಮನೆ ಸುಡುತ್ತದೆ. ಬಾಣಲೆಯಲ್ಲಿ ಪಟಪಟ ಶುರುವಾದಾಗ ಮನೆಯವಳು ಬಾಗಿಲಿಗೆ ಬಂದು ನಿಂತಳು. ಏನೂ ಅನ್ನಲಿಲ್ಲ, ಒಂದು ಹಿಡಿ ತಗೊಂಡು ಬಾಯಿಗೆ ಹಾಕಿಕೊಂಡು ಹೋದಳು. ಸಂಜೆ ಗಿರಣಿಯಿಂದ ಬಂದ ಹಿಟ್ಟು ನಾದಿ, ರೊಟ್ಟಿ ಬಡಿಯುವಾಗ ಅವ್ವ ಅಂಚನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಬಿರುಕು ಬಿಡಲಿಲ್ಲ.

"ಜಿಗಿ ಐತಿ" ಅಂದಳು. ಆಮೇಲೆ, "ಹಗೇವಿನ ಜ್ವಾಳದ ವಾಸನಿ ಇಲ್ಲ ಬಿಡು" ಅಂದಳು. ಅದು ಹೊಗಳಿಕೆಯೋ ಬೇಸರವೋ ಕೇಳಲಿಲ್ಲ.

ಮೂರನೆಯದರದು ಬೇರೆ ಕತೆ. ಅನುಮಾನ ಇದ್ದದ್ದಕ್ಕೆ ಕಳೆದ ವಾರ ಮತ್ತೆ ಪೈಪು ಹಚ್ಚಿ ನೋಡಿದೆ. ಐದಕ್ಕೆ ಏರಿಸಿದ್ದು ನಾಲ್ಕು ನಿಮಿಷಕ್ಕೆ ಒಂದಕ್ಕೆ ಬಂತು. ತೆರೆದರೆ ಮೇಲಿನ ಪದರದಲ್ಲಿ ಜೀವಂತ ನುಸಿ ಓಡಾಡುತ್ತಿವೆ. ಈ ಮಳೆಯಲ್ಲಿ ಒಣಗಿಸಲು ಬಿಸಿಲೆಲ್ಲಿ? ಮೇಲಿನ ಹತ್ತು ಕಿಲೋ ತೆಗೆದು ಜರಡಿ ಹಿಡಿದು ಗಿರಣಿಗೆ ಕಳಿಸಿದೆ, ಆ ಜಾಗಕ್ಕೆ ಎರಡನೆಯದರ ಜೋಳ ಸುರಿದು ಅಂಚಿಗೆ ತುಂಬಿದೆ. ಓರೆ ಜೋಡಣೆಯ ಪಟ್ಟಿ ಕಿತ್ತು ಹಾಕಿದ್ದೇನೆ. ಪಂಕ್ಚರ್ ಅಂಗಡಿಯಲ್ಲಿ 20 ಇಂಚಿನ ಹಳೆ ಟ್ಯೂಬು ಇರಲಿಲ್ಲ. ಮಗಳ ಸೈಕಲ್ಲು ಮಳೆ ಮುಗಿಯುವವರೆಗೆ ಹೇಗೂ ಗೋಡೆಗೆ ಒರಗಿ ನಿಂತಿರುತ್ತದೆ, ಹಿಂದಿನ ಗಾಲಿಯದ್ದು ಬಿಚ್ಚಿದ್ದೇನೆ. ಅವಳಿಗಿನ್ನೂ ಹೇಳಿಲ್ಲ.